ಕಾರಿನ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ಜೊತೆ ಕೂತಿರೋ ಶಾಕ್ ಅಬ್ಸಾರ್ಬರ್), ಸ್ಪ್ರಿಂಗ್ ಮನೇಲೇ ಬದಲಾಯಿಸ್ಬೋದಾ?

ತೋಟದದಾರಿ: ನಮ್ಮನೆ ನಾಪೋಕ್ಲು ಹತ್ರ, ತೋಟದ ರೋಡಲ್ಲಿ ಓಡಿಸಿ ಓಡಿಸಿ ಮುಂದೆ ಎಡಗಡೆ ಸ್ಟ್ರಟ್ ಆಯಿಲ್ ಲೀಕ್ ಆಗ್ತಿದೆ, ಹಂಪ್ ದಾಟಿದ್ರೆ ಕಾರು ತೂಗಾಡ್ತದೆ. ಸ್ಪ್ಯಾನರ್ ಸೆಟ್, ಜಾಕ್ ಉಂಟು. ನಾನೇ ಮಾಡ್ಬೋದಾ?

ಮಡಿಕೇರಿಮೆಕ್ಯಾನಿಕ್: ಮಾಡ್ಬೋದು ಅಣ್ಣ, ಆದ್ರೆ ಸ್ಪ್ರಿಂಗ್ ಹಗುರವಾಗಿ ತಗೋಬೇಡಿ. ಸ್ಟ್ರಟ್ ಮೇಲೆ ನಡುವಿನ ನಟ್ ಹಾಗೇ ಬಿಚ್ಚಿದ್ರೆ ಒತ್ತಿಕೊಂಡಿರೋ ಸ್ಪ್ರಿಂಗ್ ಸಿಡಿದು ಮುಖಕ್ಕೇ ಬರ್ತದೆ, ಜೀವಾನೇ ಹೋಗ್ಬೋದು. ಮೊದ್ಲು ಎರಡು ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗ್ ಒತ್ತಿ ಹಿಡಿಯೋ ಟೂಲ್) ಎದುರುಬದುರು ಹಾಕಿ, ಆಚೆ ಸ್ವಲ್ಪ ಈಚೆ ಸ್ವಲ್ಪ ಕೈಯಲ್ಲೇ ಟೈಟ್ ಮಾಡ್ತಾ ಹೋಗಿ, ಸ್ಪ್ರಿಂಗ್ ತಾನು ಕೂತಿರೋ ಸೀಟ್ ಬಿಟ್ಟು ಸಡಿಲ ಆದ್ಮೇಲೇ ಆ ನಟ್ ಮುಟ್ಟಿ. ಜಾಕ್ ಒಂದನ್ನೇ ನಂಬಿ ಕೆಲ್ಸ ಮಾಡ್ಬೇಡಿ, ಕಾಫಿ ಒಣಗಿಸೋ ಸಿಮೆಂಟ್ ಕಣ ಇದ್ರೆ ಅಲ್ಲೇ ನಿಲ್ಸಿ, ಜಾಕ್ ಸ್ಟ್ಯಾಂಡ್ ಕೊಡಿ, ಹಿಂದಿನ ಚಕ್ರಕ್ಕೆ ಅಡ್ಡ ಇಡಿ. ಇಳಿಜಾರಲ್ಲಂತೂ ಬೇಡವೇ ಬೇಡ.

ಘಟ್ಟದಡ್ರೈವರ್: ಎಡದ್ದು ಒಂದೇ ಹಾಕ್ಬೇಡಿ, ಜೋಡಿ ಬದಲಾಯಿಸಿ. ಸ್ಟ್ರಟ್ ಮೇಲ್ತುದಿಯ ಮೌಂಟ್, ಬೇರಿಂಗ್ ಸವೆದಿದ್ರೆ ಅದೂ ಈಗ್ಲೇ. ಬ್ರೇಕ್ ಹೋಸ್ ಎಳೀಬಾರ್ದು. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸ್ಲೇಬೇಕು.

ತೋಟದದಾರಿ: ಕಂಪ್ರೆಸರ್ ಇಲ್ವಲ್ಲ, ಹಗ್ಗ ಕಟ್ಟಿ ಆಗ್ತದಾ?

ಮಡಿಕೇರಿಮೆಕ್ಯಾನಿಕ್: ಖಂಡಿತ ಬೇಡ! ಸ್ಪ್ರಿಂಗ್ ಸಮೇತ ಸ್ಟ್ರಟ್ ಪೂರ್ತಿ ಈಚೆ ತೆಗ್ದು ಗ್ಯಾರೇಜಿಗೆ ತಗೊಂಡೋಗಿ, ಸ್ಪ್ರಿಂಗ್ ಅವ್ರೇ ಬಿಚ್ಚಿ ಹಾಕಿಕೊಡ್ತಾರೆ, ವಾಪಸ್ ಕೂರ್ಸೋದು ನೀವೇ ಮಾಡಿ.