ಸಹಾಯ ಬೇಕು: ವಿಂಡೋಸ್ 11ಕ್ಕೆ ಹೋಗಲಾ, ಬೇಡ್ವಾ?

ಎಲ್ಲರಿಗೂ ನಮಸ್ಕಾರ. ನನಗೆ ಕಣ್ಣು ಕಾಣಿಸುವುದಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ, ಪರದೆ ಓದಿ ಹೇಳುವ ತಂತ್ರಾಂಶ ಬಳಸುತ್ತೇನೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಬ್ಯಾಂಕ್ ಕೆಲಸವೂ ಇದರಲ್ಲೇ, ಹಾಗಾಗಿ ಸ್ವಲ್ಪ ಭಯ. ಟಿಪಿಎಂ 2.0 (ವಿಂಡೋಸ್ 11 ಕೇಳುವ ಭದ್ರತಾ ಭಾಗ) ಇದೆ, ಅಪ್‌ಗ್ರೇಡ್ ಆಗುತ್ತದೆ ಎಂದೇ ತೋರಿಸುತ್ತಿದೆ.

ಎನ್‌ವಿಡಿಎ ಓದಲು ಬಳಸುವ ಇ-ಸ್ಪೀಕ್‌ನ ಕನ್ನಡ ದನಿ (ಒರಟು ನಿಜ, ಆದರೆ ಕಿವಿಗೆ ಒಗ್ಗಿಬಿಟ್ಟಿದೆ) ಹಾಗೇ ಉಳಿಯುತ್ತಾ? ಫೈಲ್ ಮೇಲೆ ಬರುವ ಮೆನು ಹನ್ನೊಂದರಲ್ಲಿ ಚಿಕ್ಕದಂತೆ, ಹಳೆಯದು ಬೇಕೆಂದರೆ ಶಿಫ್ಟ್ ಎಫ್10 ಒತ್ತಬೇಕಂತೆ. ಅದನ್ನು ಕಲಿಯಬಹುದು ಬಿಡಿ.

ನನ್ನ ದೊಡ್ಡ ಚಿಂತೆ ಅಪ್‌ಗ್ರೇಡ್ ನಡುವಿನ ರೀಸ್ಟಾರ್ಟ್. ಆಗ ಎನ್‌ವಿಡಿಎ ಮಾತಾಡುವುದಿಲ್ಲ. ಪರದೆ ನೋಡಿ ಹೇಳುವವರು ಮನೆಯಲ್ಲಿಲ್ಲ. ಏನಾದರೂ ಒತ್ತಬೇಕಾ, ಸುಮ್ನೆ ಕಾದರೆ ಸಾಕಾ? ಒಬ್ಬರೇ ಕೂತು ಅಪ್‌ಗ್ರೇಡ್ ಮಾಡಿಕೊಂಡವರು ದಯವಿಟ್ಟು ಹೇಳಿ.