ಹೋಮ್ ಡೈರೆಕ್ಟರಿ ‘ಇಲ್ಲ’ ಅನ್ನಬೇಕೋ, ‘ಸಿಗುತ್ತಿಲ್ಲ’ ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ. ಲ್ಯಾಬಿನ ಲಿನಕ್ಸ್ ಕಂಪ್ಯೂಟರುಗಳಿಗೆ ಕನ್ನಡದಲ್ಲಿ ಸಹಾಯದ ಪುಟ ಬರೆಯುತ್ತಿದ್ದೇನೆ, ಒಂದೆರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಇಲ್ಲಿ ಎಲ್ಲರ ಹೋಮ್ ಡೈರೆಕ್ಟರಿಯೂ (ಅವರವರ ಫೈಲುಗಳಿರುವ ಸ್ವಂತ ಜಾಗ) ಒಂದೇ ಸರ್ವರ್‌ನಲ್ಲಿದೆ. ಯಾವ ಯಂತ್ರದಲ್ಲಿ ಲಾಗಿನ್ ಆದರೂ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲು ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಅದೇ ಬರುತ್ತದೆ. ಬರದಿದ್ದ ದಿನ ಪರದೆಯ ಮೇಲೆ ಒಂದೇ ಮಾತು: ಅಂಥ ಫೈಲಾಗಲಿ ಡೈರೆಕ್ಟರಿಯಾಗಲಿ ಇಲ್ಲ.

ಇದನ್ನು ಹಾಗೇ ಕನ್ನಡದಲ್ಲಿ ಹಾಕಿದರೆ ಓದಿದವರ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಇದ್ದಬದ್ದ ಕೆಲಸವೆಲ್ಲ ಅಳಿಸಿಹೋಯಿತು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಫೈಲುಗಳು ಸರ್ವರ್‌ನಲ್ಲಿ ಹಾಗೇ ಇರುತ್ತವೆ, ಈ ಯಂತ್ರಕ್ಕೆ ಮೌಂಟ್ ಆಗಿರುವುದಿಲ್ಲ, ಅಂದರೆ ಜೋಡಣೆಯಾಗಿರುವುದಿಲ್ಲ ಅಷ್ಟೇ. ‘ಗೆಟ್‌ಎಂಟ್’ ಆಜ್ಞೆಯಿಂದ ಪಾಸ್‌ವರ್ಡ್ ಪಟ್ಟಿಯಲ್ಲಿ (ಹೆಸರು ಹಾಗಿದ್ದರೂ ಅದು ಬಳಕೆದಾರರ ಖಾತೆಗಳ ಪಟ್ಟಿ) ನಮ್ಮ ಸಾಲು ತೆಗೆದು ನೋಡಿದರೆ ಆರನೆಯ ಕಲಮಿನಲ್ಲಿ ಹೋಮ್‌ನ ದಾರಿ ಇರುತ್ತದೆ. ಅದು ಸರಿಯಿದ್ದೂ ಮೌಂಟ್ ಪಟ್ಟಿಯಲ್ಲಿ ಸರ್ವರ್ ಕಾಣದಿದ್ದರೆ ಆಟೋಎಫ್‌ಎಸ್ (ಬೇಕಾದಾಗ ತಾನೇ ಮೌಂಟ್ ಮಾಡುವ ಸೇವೆ) ಅಥವಾ ನೆಟ್‌ವರ್ಕ್ ಕಡೆ ನೋಡಬೇಕು. ಗಾಬರಿಯಲ್ಲಿ ಯಾರಾದರೂ ಅದೇ ಜಾಗದಲ್ಲಿ ಖಾಲಿ ಡೈರೆಕ್ಟರಿ ಮಾಡಿಕೊಟ್ಟರಂತೂ ಇನ್ನೂ ಗೋಜಲು, ಅದರಲ್ಲಿ ಉಳಿಸಿದ್ದೆಲ್ಲ ಆಮೇಲೆ ಮೌಂಟ್ ಬಂದ ಕೂಡಲೇ ಅದರಡಿ ಮುಚ್ಚಿಹೋಗುತ್ತದೆ.

ಹಾಗಾಗಿ ‘ಸಿಗುತ್ತಿಲ್ಲ’ ಅಂತ ಬರೆಯೋಣ ಅಂದುಕೊಂಡೆ. ಆದರೆ ಹೊಸ ಖಾತೆ ತೆರೆದು ಹೋಮ್ ಮಾಡುವುದನ್ನೇ ಬಿಟ್ಟಿದ್ದರೂ ಇದೇ ಸಂದೇಶ ಬರುತ್ತದೆ. ಆಗ ಅದು ನಿಜಕ್ಕೂ ‘ಇಲ್ಲ’. ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ನಮ್ಮ ಭಾಷೆಗೆ ಗೊತ್ತು. ಎರಡಕ್ಕೂ ಹೊಂದುವಂತೆ ‘ಕಾಣುತ್ತಿಲ್ಲ’ ಅಂದರೆ ಹೇಗೆ?

ಮೌಂಟ್‌ಗೆ ‘ಆರೋಹಣ’ ನನಗೆ ಒಗ್ಗುವುದಿಲ್ಲ, ಡಿಸ್ಕ್ ಬೆಟ್ಟ ಹತ್ತಿದ ಹಾಗಿರುತ್ತದೆ. ಸುಮ್ನೆ ‘ಮೌಂಟ್ ಮಾಡು’ ಸಾಕು.

ಇನ್ನೊಂದು, ‘ಸ್ಟೇಲ್ ಫೈಲ್ ಹ್ಯಾಂಡಲ್’ ಅನ್ನುವ ದೋಷದ ಸಂದೇಶ. ನಾವು ತೆರೆದಿಟ್ಟ ಡೈರೆಕ್ಟರಿಯನ್ನು ಅತ್ತ ಸರ್ವರ್‌ನಲ್ಲಿ ಅಳಿಸಿದರೆ ಇತ್ತ ಇದು ಬರುತ್ತದೆ. ‘ಹಳಸಿದ ಹಿಡಿ’ ಅಂದರೆ ನಗು ಬರುತ್ತದೆ. ‘ಹಿಡಿತ ತಪ್ಪಿದೆ’ ಅಂದರೆ ಅರ್ಥವೂ ಕೂರುತ್ತದೆ, ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು ಅನ್ನುವುದೂ ಹೊಳೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಮೌಂಟ್ ಬಿಚ್ಚಿ ಮತ್ತೆ ಹಾಕಬೇಕು.

ಕೊನೆಯದು ಮಾಲೀಕನ ಹೆಸರಿನ ಜಾಗದಲ್ಲಿ ಕಾಣುವ ‘ನೋಬಡಿ’. ಸರ್ವರ್ ಮತ್ತು ಯಂತ್ರದ ನಡುವೆ ಬಳಕೆದಾರರ ಹೆಸರೋ ಸಂಖ್ಯೆಯೋ ತಾಳೆಯಾಗದಿದ್ದಾಗ ಹೀಗೆ ತೋರಿಸುತ್ತದೆ. ಇದನ್ನು ‘ಅನಾಮಿಕ’ ಅನ್ನಬಹುದೇ, ಅಥವಾ ಅದು ಖಾತೆಯ ಹೆಸರೇ ಆದ್ದರಿಂದ ಮುಟ್ಟದೆ ಬಿಡುವುದು ಮೇಲೋ? ಬಳಸಿ ನೋಡಿದವರು ಹೇಳಿ.