ಎಲ್ಲಿಕಾಟ್ ಗಿರಣಿ: ಗೋಧಿಯೇ ಇಲ್ಲದ ಕಡೆ ಹಿಟ್ಟಿನ ಗಿರಣಿ ಹೇಗೆ ಊರಾಯಿತು?

ಪ್ರಶ್ನೆ (ಹಳೇದಾರಿ):
1772ರಲ್ಲಿ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಯಿಂದ ಜಾನ್, ಆಂಡ್ರೂ, ಜೋಸೆಫ್ ಎಲ್ಲಿಕಾಟ್ ಎಂಬ ಮೂವರು ಕ್ವೇಕರ್ (ಒಂದು ಕ್ರೈಸ್ತ ಪಂಥ) ಅಣ್ಣತಮ್ಮಂದಿರು ಮೇರಿಲ್ಯಾಂಡಿನ ಪಟಾಪ್ಸ್ಕೊ ನದಿ ದಂಡೆಗೆ ಬಂದು ಗಿರಣಿ ಹಾಕಿದರು. ಅದೇ ಇವತ್ತಿನ ಎಲ್ಲಿಕಾಟ್ ಸಿಟಿ. ಆದರೆ ಆಗ ಆ ಸುತ್ತಿನಲ್ಲೆಲ್ಲ ಬೆಳೆಯುತ್ತಿದ್ದದ್ದು ಹೊಗೆಸೊಪ್ಪು. ಬೀಸಲು ಗೋಧಿಯೇ ಇಲ್ಲದ ಕಡೆ ಇಷ್ಟು ಬಂಡವಾಳ ಏಕೆ ಹಾಕಿದರು? ಗಿರಣಿಯಲ್ಲಿ ಏನೇನು ಇರುತ್ತಿತ್ತು, ಎಲ್ಲಿ ಕೆಡುತ್ತಿತ್ತು ಅನ್ನುವುದನ್ನೂ ಬಲ್ಲವರು ಬಿಡಿಸಿ ಹೇಳಿ.

ಉತ್ತರ (ಕಣಜ):
ಮೊದಲು ಎರಡು ಬಗೆಯ ಗಿರಣಿಗಳನ್ನು ಬೇರೆ ಮಾಡಿಕೊಳ್ಳಿ. ಒಂದು, ರೈತ ತಂದ ಕಾಳನ್ನು ಬೀಸಿಕೊಟ್ಟು ಅದರಲ್ಲೇ ಪಾಲು ಹಿಡಿಯುವುದು. ಈ ಪಾಲಿಗೆ ಕಾನೂನಿನ ಮಿತಿ ಇರುತ್ತಿತ್ತು; ಕೆನಡಾ ಕಡೆಯ ಅಪ್ಪರ್ ಕೆನಡಾದಲ್ಲಿ 1792ರ ಕಾಯ್ದೆ ಹನ್ನೆರಡನೇ ಒಂದು ಪಾಲಿಗಿಂತ ಹೆಚ್ಚು ಹಿಡಿಯಬಾರದು ಅಂದಿತು. ಇಂಥ ಗಿರಣಿ ಸುತ್ತ ಒಂದು ಕಮ್ಮಾರಸಾಲೆ, ಒಂದು ಅಂಗಡಿ ಬಂದರೆ ಹೆಚ್ಚು. ಇನ್ನೊಂದು, ಗೋಧಿಯನ್ನು ತಾನೇ ಕೊಂಡು, ಹಿಟ್ಟನ್ನು ಪೀಪಾಯಿಗೆ ತುಂಬಿ ಹಡಗಿಗೆ ಹಾಕುವ ವ್ಯಾಪಾರಿ ಗಿರಣಿ. ಎಲ್ಲಿಕಾಟ್‌ಗಳು ಹಾಕಿದ್ದು ಇದನ್ನು.

ಅವರು ನೋಡಿದ್ದು ಗೋಧಿಯನ್ನಲ್ಲ, ನೀರಿನ ಇಳಿತವನ್ನು ಮತ್ತು ಬಂದರನ್ನು. ಪಟಾಪ್ಸ್ಕೊ ಅಲ್ಲಿ ಗ್ರಾನೈಟ್ ಕಣಿವೆಯಲ್ಲಿ ರಭಸವಾಗಿ ಇಳಿಯುತ್ತದೆ, ಕಟ್ಟಡಕ್ಕೆ ಕಲ್ಲು ಕೈಗೆಟಕುವಲ್ಲೇ ಇದೆ, ಬಾಲ್ಟಿಮೋರ್ ಬಂದರು ಒಂದು ದಿನದ ಗಾಡಿದಾರಿಯೊಳಗೆ. ಗೋಧಿಯನ್ನು ಅವರೇ ಬೆಳೆಸಿಕೊಳ್ಳಬೇಕಾಯಿತು. ಹೊಗೆಸೊಪ್ಪಿನಿಂದ ಸತ್ವ ಕಳೆದುಕೊಂಡಿದ್ದ ಹೊಲಗಳಿಗೆ ಜಿಪ್ಸಂ ಪುಡಿ ಹಾಕುವುದನ್ನು ರೂಢಿಗೆ ತಂದರು. ದೊಡ್ಡ ಜಮೀನುದಾರ ಚಾರ್ಲ್ಸ್ ಕ್ಯಾರಲ್ ಗೋಧಿಗೆ ತಿರುಗಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಕ್ಯಾರಲ್ ಜಮೀನಿನಿಂದ ಗಿರಣಿಗೆ, ಗಿರಣಿಯಿಂದ ಬಾಲ್ಟಿಮೋರಿಗೆ ದಾರಿ ಕಡಿಸಿದ್ದೂ ಇವರೇ. ಬಂದರಿನಲ್ಲಿ ಸ್ವಂತ ಹಡಗುಕಟ್ಟೆ ಕಟ್ಟಿಸಿಕೊಂಡರು. ನನ್ನ ಮಟ್ಟಿಗೆ ಆ ಊರು ಹುಟ್ಟಿದ್ದು ಗಿರಣಿಯಿಂದಲ್ಲ, ಈ ದಾರಿಯಿಂದ. 1830ರಲ್ಲಿ ಬಾಲ್ಟಿಮೋರ್ ಅಂಡ್ ಓಹಿಯೊ ರೈಲ್ವೆಯ ಮೊದಲ 13 ಮೈಲಿ ಹಳಿ ಬಂದು ನಿಂತದ್ದೂ ಎಲ್ಲಿಕಾಟ್ಸ್ ಮಿಲ್ಸ್‌ನಲ್ಲೇ.

ಉತ್ತರ (ಮೇಲ್ಗಲ್ಲು):
ಯಂತ್ರದ ವಿಷಯ ನಾನು ಹೇಳುತ್ತೇನೆ. ಇದು ಎಲ್ಲಿಕಾಟ್ ಒಂದರದ್ದೇ ಅಲ್ಲ, ಆ ಕಾಲದ ಒಳ್ಳೆಯ ಗಿರಣಿಗಳ ಸಾಮಾನ್ಯ ಲೆಕ್ಕ.

ಸೆಕೆಂಡಿಗೆ 200 ಲೀಟರ್ ನೀರು, 4 ಮೀಟರ್ ಇಳಿತ ಅಂದರೆ ಸುಮಾರು 7.8 ಕಿಲೊವ್ಯಾಟ್. ಮೇಲಿನಿಂದ ನೀರು ಬೀಳುವ ಚಕ್ರವಾದರೆ ಅದರಲ್ಲಿ ಮೂರನೇ ಎರಡು ಪಾಲು ಕೈಗೆ ಸಿಗುತ್ತದೆ, ಅಂದರೆ ಹೆಚ್ಚುಕಡಿಮೆ ಏಳು ಅಶ್ವಶಕ್ತಿ. ಅಡಿಯಿಂದ ನೀರು ತಳ್ಳುವ ಚಕ್ರಕ್ಕೆ ಮೂರನೇ ಒಂದು ಪಾಲೂ ದಕ್ಕುವುದಿಲ್ಲ. ಜಾನ್ ಸ್ಮೀಟನ್ 1759ರಲ್ಲೇ ಮಾದರಿ ಚಕ್ರ ಮಾಡಿ ಅಳೆದು ತೋರಿಸಿದ್ದ. ಏಳು ಅಶ್ವಶಕ್ತಿ ನಾಲ್ಕು ಅಡಿ ಅಗಲದ ಒಂದು ಜೋಡಿ ಕಲ್ಲಿಗೆ ಧಾರಾಳ: ಗಂಟೆಗೆ ಐದು ಬುಷೆಲ್ ಗೋಧಿ, ಅಂದರೆ ಸುಮಾರು 136 ಕಿಲೊ. ಅದರಿಂದ 196 ಪೌಂಡಿನ (89 ಕಿಲೊ) ಒಂದು ಪೀಪಾಯಿ ಹಿಟ್ಟು. ಉಳಿದದ್ದು ಬೂಸಾ, ತರಿ.

ನೀರಿನ ಚಕ್ರ ನಿಮಿಷಕ್ಕೆ ಎಂಟು ಹತ್ತು ಸುತ್ತು, ಕಲ್ಲು ನೂರರ ಮೇಲೆ ಸುತ್ತಬೇಕು. ಹಾಗಾಗಿ ಎರಡು ಹಂತದ ಹಲ್ಲುಗಾಲಿ. ದೊಡ್ಡ ಗಾಲಿಗೆ ಗಟ್ಟಿ ಮರದ ಹಲ್ಲು ಕೂರಿಸಿ, ಲೆಕ್ಕಕ್ಕಿಂತ ಒಂದು ಹಲ್ಲು ಹೆಚ್ಚು ಇಡುತ್ತಿದ್ದರು. ಆಗ ಅದೇ ಎರಡು ಹಲ್ಲು ಪ್ರತಿ ಸುತ್ತಿಗೂ ಎದುರಾಗುವುದಿಲ್ಲ, ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ.

ಕೆಡುವುದು ಮುಖ್ಯವಾಗಿ ಕಲ್ಲಿನಲ್ಲಿ. ಅಂಚಿನ ಹತ್ತಿರ ಮೇಲ್ಗಲ್ಲಿಗೂ ಅಡಿಗಲ್ಲಿಗೂ ಕಾಗದದಷ್ಟೇ ಸಂದು. ತೀರಾ ಹತ್ತಿರ ತಂದರೆ ಹಿಟ್ಟು ಬಿಸಿಯಾಗಿ ಕಮಟುತ್ತದೆ. ಹಾಪರ್, ಅಂದರೆ ಕಲ್ಲಿಗೆ ಕಾಳು ಬೀಳಿಸುವ ಮೇಲಿನ ತೊಟ್ಟಿ, ಬರಿದಾದದ್ದು ಗೊತ್ತಾಗದೆ ಕಲ್ಲು ಖಾಲಿ ತಿರುಗಿದರೆ ಕಲ್ಲಿಗೆ ಕಲ್ಲು ಉಜ್ಜಿ ಕಿಡಿ ಹಾರುತ್ತದೆ, ಹಿಟ್ಟಿನ ಧೂಳಿಗೆ ಅಷ್ಟು ಸಾಕು. ಅದಕ್ಕೇ ಹಾಪರಿನಲ್ಲಿ ಕಾಳು ತಗ್ಗಿದರೆ ಬಾರಿಸುವ ಗಂಟೆ ಕಟ್ಟುತ್ತಿದ್ದರು. ಮೈಮೇಲೆ ಕೊರೆದ ಗೀರು ಸವೆದ ಕಲ್ಲು ಗೋಧಿಯನ್ನು ಕತ್ತರಿಸುವುದಿಲ್ಲ, ಅರೆದುಬಿಡುತ್ತದೆ. ಬೂಸಾ ನುಚ್ಚುನೂರಾಗಿ ಹಿಟ್ಟಿನಲ್ಲಿ ಬೆರೆತರೆ ಆಮೇಲೆ ಎಂಥ ರೇಷ್ಮೆ ಜರಡಿಯಿಂದಲೂ ಬೇರೆ ಆಗದು. ಕಲ್ಲೆತ್ತಿ ಉಳಿಯಿಂದ ಗೀರು ಹೊಸದು ಮಾಡುವುದು ಬೇಸರದ ಕೆಲಸ, ತಪ್ಪಿಸುವಂತಿಲ್ಲ.

ಬಿಸಿ ಹಿಟ್ಟನ್ನು ಹಾಗೇ ಪೀಪಾಯಿಗೆ ತುಂಬಿದರೆ ಸಮುದ್ರಯಾನದಲ್ಲಿ ಹುಳಿಯುತ್ತದೆ. ಆಲಿವರ್ ಇವಾನ್ಸ್ 1790ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಇದಕ್ಕೂ ಪರಿಹಾರ: ಪಟ್ಟಿಗೆ ಕಟ್ಟಿದ ಸಣ್ಣ ಬಟ್ಟಲುಗಳು ಹಿಟ್ಟನ್ನು ಮೇಲಂತಸ್ತಿಗೆ ಏರಿಸುತ್ತವೆ, ಅಲ್ಲಿ ತಿರುಗುವ ಕುಂಟೆಯೊಂದು ಅದನ್ನು ಹರಡಿ ಆರಿಸಿ ಜರಡಿಗೆ ತಳ್ಳುತ್ತದೆ. ಈ ಏರ್ಪಾಡನ್ನು ಬೇಗನೆ ಒಪ್ಪಿಕೊಂಡ ಕೆಲವರಲ್ಲಿ ಎಲ್ಲಿಕಾಟ್‌ಗಳೂ ಇದ್ದರು.

ಉತ್ತರ (ತೂಬು):
ಮೇಲ್ಗಲ್ಲು ಅವರ ಚಕ್ರದ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು. ಪ್ರವಾಹ ಬಂದಾಗ ಚಕ್ರ ತಿರುಗಿಸಿದ ನೀರು ಹೊರಗೆ ಹೋಗುವ ಹೊರಗಾಲುವೆಯಲ್ಲೂ ನೀರು ಏರುತ್ತದೆ. ಚಕ್ರದ ಅಡಿ ಮುಳುಗಿದರೆ ಎಷ್ಟೇ ನೀರಿದ್ದರೂ ಗಿರಣಿ ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಸಾಲದು, ಚಳಿಗಾಲದಲ್ಲಿ ಚಕ್ರಕ್ಕೆ ಮಂಜುಗಡ್ಡೆ ಕಟ್ಟುತ್ತದೆ. ವರ್ಷವಿಡೀ ಗಂಟೆಗೊಂದು ಪೀಪಾಯಿ ಅಂತ ಗುಣಿಸಿಬಿಡಬೇಡಿ.

ಹಳೇದಾರಿ:
ತುಂಬಾ ಉಪಕಾರ. ಆ ಕಣಿವೆಯಲ್ಲಿ ಈಚೆಗೂ ಪ್ರವಾಹ ಬಂತಲ್ಲ, ಅದು ಹಳೆಯ ಗಿರಣಿ ಜಾಗಕ್ಕೇ ನುಗ್ಗಿದ್ದೇ?

ತೂಬು:
ಅಲ್ಲ. 1868ರಲ್ಲಿ ಉಕ್ಕಿದ್ದು ಪಟಾಪ್ಸ್ಕೊ ನದಿಯೇ, ಗಿರಣಿಗಳನ್ನು ಕೆಡವಿದ್ದು ಅದು. 2016 ಮತ್ತು 2018ರಲ್ಲಿ ಮುಖ್ಯಬೀದಿಯಲ್ಲಿ ಹರಿದದ್ದು ನದಿಗೆ ಸೇರುವ ಟೈಬರ್ ಹಳ್ಳದ ನೀರು. ಎಲ್ಲಿಕಾಟ್‌ಗಳ ಹಿಟ್ಟಿನ ಗಿರಣಿ ಇದ್ದದ್ದು ನದಿಯ ಪೂರ್ವ ದಂಡೆಯಲ್ಲಿ, ಬಾಲ್ಟಿಮೋರ್ ಕೌಂಟಿ ಬದಿಗೆ. ಮುಖ್ಯಬೀದಿ ಇರುವುದು ಪಶ್ಚಿಮಕ್ಕೆ. ನಕ್ಷೆ ನೋಡುವಾಗ ಸೇತುವೆಯ ಎರಡೂ ಬದಿ ನೋಡಿ.